ಗೋಡೆಯ ಹೊಟ್ಟೆ

ಸ್ಕ್ರ್ಯಾಂಟನ್ನಿನ ಈ ಮಹಡಿ ಮನೆಯ ಬಚ್ಚಲಲ್ಲಿ
ಕನ್ನಡಿಯ ಹಿಂದೊಂದು ತಗಡಿನ ಗೂಡು,
ಗೂಡಿನ ಬೆನ್ನಲ್ಲಿ ಹುಂಡಿಯ ಬಾಯಿಯಂಥ ಸೀಳು.
ಯಾತಕ್ಕೆಂದು ಕೇಳಿದ್ದೆ, ಬಂದ ಹೊಸತು.
'ಹಳೇ ಬ್ಲೇಡಿಗೆ,' ಅಂದರು ಕೆಳಗಿನ ಹೆಲೆನಮ್ಮ,
'ಹಾಕು, ಮರೆತುಬಿಡು.'
ಹಾಕಿದ್ದು ಎಲ್ಲಿಗೆ ಹೋಗುತ್ತದೆ?
'ಎಲ್ಲಿಗೂ ಇಲ್ಲ.'

ನನಗಾಗ ಗಡ್ಡವಿತ್ತು. ಸೀಳಿಗೆ ಕೆಲಸವಿರಲಿಲ್ಲ.

ಆಮೇಲೆ ಆಸ್ಪತ್ರೆಯ ನೌಕರಿ, ಉಸಿರಿನ ಯಂತ್ರಗಳ ವಾರ್ಡು.
ಮಾಸ್ಕಿಗೂ ಕೆನ್ನೆಗೂ ನಡುವೆ
ಒಂದು ಕೂದಲೂ ನಿಲ್ಲಕೂಡದೆಂಬ ಕಾನೂನು.
ಗುಜರಿ ಅಂಗಡಿಯಲ್ಲಿ ನಾಲ್ಕು ಡಾಲರಿಗೆ ಸಿಕ್ಕಿತು ಈ ರೇಜರು:
ಹಿತ್ತಾಳೆ ಮೈ, ಮೇಲೆ ಸವೆದ ನಿಕಲ್,
ಬುಡ ತಿರುಗಿಸಿದರೆ ತಲೆ ಎರಡು ಬಾಗಿಲಾಗಿ ತೆರೆಯುತ್ತದೆ.
ತೆರೆದರೆ ಒಳಗೆ
ಯಾರದೋ ಮೂವತ್ತು ವರ್ಷದ ಸೋಪು, ಸುಣ್ಣದ ಹಾಗೆ ಕಟ್ಟಿ,
ಅದರಲ್ಲೊಂದು ಕೆಂಚು ಕೂದಲು.

ಬಿಸಿನೀರು, ಎರಡು ಚಮಚ ವಿನೆಗರು, ಸೋತ ಟೂತ್‌ಬ್ರಷ್ಷು,
ಸಂದುಗೊಂದಿಗೆ ಹಲ್ಲುಕಡ್ಡಿ.
ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟು ನೋಡಿದೆ;
ಜನವರಿಯ ಬೆಳಿಗ್ಗೆ ಅದು ಬೆಣ್ಣೆಯಾಗಿ
ಬಾಗಿಲೇ ತೆರೆಯಲೊಲ್ಲದು.
ಈಗ ಹೊಲಿಗೆ ಯಂತ್ರದ ಎಣ್ಣೆ, ಒಂದೇ ತೊಟ್ಟು.

ಕೆನ್ನೆ ಕೊಯ್ದುಕೊಂಡು ಕಲಿತದ್ದು:
ಒತ್ತಬಾರದು. ಅದರ ತೂಕವೇ ಅದಕ್ಕೆ ಸಾಕು.
ಟವೆಲಿಗೆ ಒರೆಸಿದರೆ ಬ್ಲೇಡಿಗೂ ಕೇಡು, ಟವೆಲಿಗೂ ಕೇಡು;
ಕೊಡವಿ, ನಿಲ್ಲಿಸಿ, ಒಣಗಲು ಬಿಡಬೇಕು.
ಆರನೇ ದಿನಕ್ಕೆ ಬ್ಲೇಡು ಕೂದಲನ್ನು ಕತ್ತರಿಸುವುದಿಲ್ಲ,
ವಿಚಾರಣೆ ಮಾಡುತ್ತದೆ.
ಮಂಗಳವಾರ ಕ್ಷೌರ ಕೂಡದೆಂದು ಸೋದರತ್ತೆಯ ಕಟ್ಟಪ್ಪಣೆ;
ಆಸ್ಪತ್ರೆಗೆ ಅದು ತಿಳಿಯದು.
ಅತ್ತೆಯ ಮಾತೂ ಅಷ್ಟಿಷ್ಟು ಉಳಿಯಲೆಂದು
ಹೊಸ ಬ್ಲೇಡು ಸೋಮವಾರವೇ.

ಮೇಣದ ಕಾಗದ ಬಿಡಿಸಿ, ತುದಿ ಹಿಡಿದು,
ಹೊಸದನ್ನು ಮಲಗಿಸಿ, ಹಳೆಯದನ್ನು ಸೀಳಿಗೆ.
ಸರ್ರ್ ಎಂದು ಜಾರಿ
ಎಲ್ಲೋ ಕೆಳಗೆ, ಟಿಣ್.

ಒಮ್ಮೆ ಜ್ವರ. ಹನ್ನೆರಡು ದಿನ ಹಾಸಿಗೆ.
ಗಡ್ಡ ತನ್ನ ಹಳೇ ಜಮೀನಿಗೆ ವಾಪಸು ಬಂದಿತ್ತು.
ಬಾಗಿಲು ಬಡಿದ ಸದ್ದು: ಹೆಲೆನಮ್ಮ,
ಎಂಬತ್ತೊಂದು ವರ್ಷದ ಮಂಡಿಗಳಲ್ಲಿ ಹದಿನೇಳು ಮೆಟ್ಟಿಲು ಹತ್ತಿ,
ಕೈಯಲ್ಲಿ ಬೀಟ್‌ರೂಟಿನ ಸಾರು.
ಯಾರು ಹೇಳಿದರು ಇವರಿಗೆ?
ಕೇಳಲೂ ತ್ರಾಣವಿರಲಿಲ್ಲ.

ಕಳೆದ ಮಾರ್ಚಿನಲ್ಲಿ ಪೈಪು ಸೋರಿತು. ಪ್ಲಂಬರ್ ಬ್ರೆನ್ನನ್
ಕೆಳಗಿನ ಅಡುಗೆಮನೆಯ ಗೋಡೆ ಕೊಯ್ದ.
ಸುರಿಯಿತು ಗೋಡೆಯ ಹೊಟ್ಟೆ:
ಬ್ಲೇಡು, ಬ್ಲೇಡು, ಮಂಡಿಮಟ್ಟ ಬ್ಲೇಡು,
ಬುಡದಲ್ಲಿ ತುಕ್ಕು ಹಿಡಿದು ಬೆಲ್ಲದ ಅಚ್ಚಿನಂತೆ ಒಂದೇ ಮುದ್ದೆ,
ಮೇಲೆ ನನ್ನವು, ಇನ್ನೂ ಮೀನಿನ ಹೊಳಪು.
ಬ್ರೆನ್ನನ್ ಎದೆಯ ಮೇಲೆ ಶಿಲುಬೆ ಬರೆದುಕೊಂಡು
ಕಲ್ಲಿದ್ದಲಿನ ಸಲಿಕೆ ತರಲು ಹೋದ.

ಹೆಲೆನಮ್ಮ ಕುರ್ಚಿ ಎಳೆದು ಕೂತರು.
'ಚೆಸ್ಟರ್ ಜಗಳವಾಡಿಕೊಂಡು ಮೇಲೆ ಇದ್ದ, ಎರಡು ವರ್ಷ.
ಮಾತಿಲ್ಲ, ಕತೆಯಿಲ್ಲ.
ಇಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದರೆ
ಗೋಡೆಯಲ್ಲಿ ಟಿಣ್ ಅನ್ನೋದು.
ಸರಿ, ಇದ್ದಾನೆ, ಅಂದುಕೊಳ್ಳುತ್ತಿದ್ದೆ.'
ಸ್ವಲ್ಪ ತಡೆದು,
'ನಿನ್ನದು ಸೋಮವಾರ.'

ಮೂರು ಬಕೆಟ್ಟು ಹೋಯಿತು. ಗೋಡೆ ಮುಚ್ಚುತ್ತ ಬ್ರೆನ್ನನ್ ಅಂದ:
ಇನ್ನು ಮೇಲೆ ಡಬ್ಬಿಗೆ ಹಾಕಿ,
ತುಂಬಿದರೆ ಟೇಪು ಸುತ್ತಿ ಕೊಡಿ,
ಮನೆಯ ಗೋಡೆಯೇನು ತಿಪ್ಪೆಯೇ?
ನ್ಯಾಯವಾದ ಮಾತು. ಟೊಮೆಟೊ ಡಬ್ಬಿ ತೊಳೆದು
ಮುಚ್ಚಳಕ್ಕೆ ಸೀಳು ಕೊರೆದೆ.
ಕಿಟಕಿಯಲ್ಲಿ ಕೂತಿದೆ, ಖಾಲಿ.

ಇವತ್ತು ಬೆಳಿಗ್ಗೆ ಹೊರಗೆ ಹಿಮ,
ಕೆಳಗೆ ಪಾತ್ರೆ ಸದ್ದು.
ವಾರವಿಡೀ ರಜೆ, ಕೆನ್ನೆಗೆ ಹಾಯ್ದದ್ದು ಎರಡೇ ಸಲ,
ಬ್ಲೇಡು ಇನ್ನೂ ಚೂಪಿತ್ತು.
ಆದರೆ ಸೋಮವಾರವಾಗಿತ್ತು.