ಅಳತೆಯ ರಟ್ಟು

ಮೈಂದರ್ಗಿಯ ಪಡಸಾಲ್ಯಾಗ ಕೂತು
ಹಳೇ ಲಗ್ನಪತ್ರಿಕೆ ಮುಮ್ಮೂಲಿ ಕತ್ತರಿಸಿ
ಇದs ಅಳತಿ ಅಂದಳು ನಿಂಬೆವ್ವತ್ತಿ.
ಅದರ ಮ್ಯಾಲ ಮರಾಠಿಯೊಳಗ ಒಂದು ಹೆಸರು: ಸುಲೋಚನಾ.

ಸೊಲ್ಲಾಪುರ ಮಿಲ್ಲಿನ ಕೆಂಪು ಪಾಪ್ಲಿನ್,
ಮಾವನ ಧೋತರದ ಬಿಳಿ.
ಎಳಿ ನೋಡಿ ಕತ್ತರಿಸಿ, ಉಗುರಿಲೆ ಮಡಿಕಿ ಗೀರಿ
ಎಂಟು ಚೂಪು ನಟ್ಟನಡುವ ಕೂಡಬೇಕು,
ಸಾಸಿವಿಯಷ್ಟೂ ಸಂದಿ ಬಿಡಬಾರದು.

ಐದನೇ ಚೌಕದಾಗ ಏಳs ಕೂಡಿದವು.
ಎಂಟನೇದು ಗಿಡ್ಡ.
ಚಾಳೀಸು ಒರೆಸಿಕೊಂಡಳು. ಬಿಚ್ಚಿದಳು, ಹೊಲಿದಳು.
ಮತ್ತ ಗಿಡ್ಡ.

ರಟ್ಟು ಇಸಗೊಂಡು ಓದಿದೆ:
ಸುಲೋಚ.
‘ಅತ್ತಿ, ಕತ್ತರಿ ಹೆಸರು ತಿಂದೈತಿ.’

ನಕ್ಕಳು. ಮೊದಲ ಕತ್ತರಿಸಿದ ಕೆಂಪು ತುಂಡು ಹುಡುಕಿ
ಅದನ್ನಿಟ್ಟು ಹೊಸ ರಟ್ಟು ಗೀರಿದಳು.

ಸುಲೋಚನಾ ಯಾರ ಮಗಳು,
ಆಕಿ ಲಗ್ನಕ್ಕ ನಾವು ಹೋಗಿದ್ದೆವೋ ಇಲ್ಲೋ
ಇಬ್ಬರಿಗೂ ನೆನಪಾಗಲಿಲ್ಲ.