ಪುಸ್ತಕದ ಬದನೆಕಾಯಿ

ಜಾರ್ಜ್‌ಟೌನಿನ ಬೋರ್ಡಾ ಮಾರ್ಕೆಟ್ಟಿನಲ್ಲಿ
ಕಾಲುವೆ ದಾಟಿದರೆ, ತಗಡಿನ ಸೂರಿನಡಿ
ಸುರಸತ್ತಿಯ ಅಂಗಡಿ.
ಸೀಮೆಸುಣ್ಣದ ಹಲಗೆ ಹೇಳುತ್ತದೆ: ಬುಲಾಂಜೆ.
ಗುಡ್ಡೆ ಹಾಕಿದ್ದು ಮಾತ್ರ, ಕಣ್ಣಾರೆ ಕಂಡೆ,
ಬದನೆಕಾಯಿ.
ನೀಳ, ನೇರಳೆ, ತಲೆಗೆ ಮುಳ್ಳಿನ ಟೋಪಿ.

ಫ್ರೆಂಚರಲ್ಲಿ ಬುಲಾಂಜೆ ಅಂದರೆ ಬ್ರೆಡ್ಡು ಸುಡುವವನು.
ಕೆಯೆನ್ನಿನಿಂದ ಬಂದವನೊಬ್ಬ ಹಲಗೆ ಓದಿ
ಬ್ರೆಡ್ಡೆಲ್ಲಿ ಅಂದನಂತೆ.
"ಎರಡು ಪೌಂಡು ತೂಗಿ ಕೊಟ್ಟೆ,
ಹೋಗಿ ಸುಟ್ಟುಕೋ ಅಂದೆ" ಎಂದು ನಗುತ್ತಾಳೆ.
ಅವಳ ಬಾಯಲ್ಲಿ ಅದು ಬಲಾಂಜೆ.
ಬರೆಯುವಾಗ ಮಾತ್ರ ಹೆಸರಿಗೆ ಬೂಟು ತೊಡಿಸುತ್ತಾರೆ.

ನನ್ನ ನೋಟುಬುಕ್ಕಿನಲ್ಲಿ ದಾರಿಯೆಲ್ಲ ಇತ್ತು.
ವಾತಿಂಗಣ ಎಂದಿತು ಸಂಸ್ಕೃತ.
ಗಾಳಿಗೂ ಇದಕ್ಕೂ ಏನು ನಂಟೋ
ವಾಯು ವಾಯು ಎನ್ನುವ ಹೊಟ್ಟೆಗಳಿಗೇ ಗೊತ್ತು.
ಅದಕ್ಕೂ ಮೊದಲು ಯಾವ ಹಿತ್ತಿಲಲ್ಲಿ, ಯಾರ ನಾಲಿಗೆಯಲ್ಲಿ?
ನಮ್ಮ ಬದನೆ ಅವಳ ನೆಂಟಳೇ ಎಂದರೆ
ಪಂಡಿತರು ಕೆಮ್ಮಿ ಪುಟ ಮಗುಚುತ್ತಾರೆ.
ಬಾದಿಂಗಾನ್ ಎಂದರು ಪಾರಸಿಕರು.
ಬಾದಿಂಜಾನ್ ಎಂದ ಅರಬರು
ಮುಂದೊಂದು ಅಲ್ ಸೇರಿಸಿದರು, ಪೇಟ ಸುತ್ತಿದಂತೆ;
ಪೇಟದ ಸಮೇತ ಅವಳು ಕತಲಾನರ ಅಡುಗೆಮನೆಗೆ ನುಗ್ಗಿದಳು,
ಅಲ್ಬರ್ಜಿನಿಯಾ ಆಗಿ.
ಇಟಲಿಯವರು ಮೂಗು ಮುರಿದರು:
ಹುಚ್ಚು ಹಿಡಿಸುವ ಸೇಬು, ತಿನ್ನಬಾರದು.
ಹೇಳುವುದು ಶಾಸ್ತ್ರ.
ಪೋರ್ಚುಗೀಸರು ಪೇಟ ಕಿತ್ತು, ಬೆರಿಂಜೆಲ ಎಂದು
ಹಡಗು ಹತ್ತಿಸಿಬಿಟ್ಟರು.

ಆಮೇಲೆ ಯಾರ ಬಾಯಲ್ಲಿ ಬಲಾಂಜೆ ಆದಳು?
ಪುಟ ಖಾಲಿ.
"ನಮ್ಮವರ ಬಾಯಲ್ಲಿ, ಇನ್ಯಾರ" ಎಂದಳು ಇಸ್ಮೇ,
ಎದುರಿನ ಮೀನಂಗಡಿಯಿಂದ, ಚಾಕು ನಿಲ್ಲಿಸದೆ.
"ದೊರೆಗಳಿಗೆ ಬೇಯಿಸಿ ಹಾಕಿದವರು ನಾವು.
ಹೆಸರೂ ಅದೇ ಪಾತ್ರೆಯಲ್ಲಿ ಬೆಂದಿರಬೇಕು."

ಮಧ್ಯಾಹ್ನ ಸುರಸತ್ತಿ ಟಿಫಿನ್ ಬಿಚ್ಚಿದಳು.
ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು,
ಬೆಳ್ಳುಳ್ಳಿ ಮೆಣಸು ಹಾಕಿ ಹಿಸುಕಿದ್ದು.
"ಇದೂ ಬಲಾಂಜೆಯೇ?"
"ಛೆ, ಇದು ಬೈಗನ್. ಬೈಗನ್ ಚೋಕಾ."
ಮಾರುವಾಗ ಬಲಾಂಜೆ, ಉಣ್ಣುವಾಗ ಬೈಗನ್!
ನಾನು ಎದ್ದು ನಿಂತೇಬಿಟ್ಟೆ.
ಇವರಿಬ್ಬರೂ ಒಂದೇ ತಾಯಿಯ ಮಕ್ಕಳು, ಗೊತ್ತಾ ನಿನಗೆ,
ಒಬ್ಬಳು ಒಂಟೆ ಹತ್ತಿ ಪಡುವಣಕ್ಕೆ ಹೋಗಿ
ಸಾವಿರ ವರ್ಷ ಮನೆ ಮನೆ ಅಲೆದು ಬಂದಳು;
ಇನ್ನೊಬ್ಬಳು ಗಂಗೆಯ ದಡದಲ್ಲೇ ಇದ್ದು
ನಿನ್ನ ಮುತ್ತಜ್ಜಿಯ ಸೆರಗಿನ ಗಂಟಿನಲ್ಲಿ
ಕಲ್ಕತ್ತೆಯ ರೇವಿನಿಂದ ನೂರು ಹಗಲು ವಾಂತಿ ಮಾಡಿಕೊಂಡು
ಈ ಡೆಮೆರಾರದ ಕೆಸರಿಗೆ ಇಳಿದಳು.
ಈಗ ಒಂದೇ ಬುಟ್ಟಿಯಲ್ಲಿದ್ದಾರೆ,
ಗುರುತು ಸಿಕ್ಕಿಲ್ಲ.

ಅವಳು ಅಗಿಯುತ್ತಲೇ ಇದ್ದಳು.
ನನಗೆ ತಡೆಯಲಾಗಲಿಲ್ಲ:
ನಿನ್ನ ಹೆಸರೂ ಹಾಗೇ ಸವೆದದ್ದು.
ನಿಜವಾಗಿ ನೀನು ಸರಸ್ವತಿ.

ತುತ್ತು ಅರ್ಧಕ್ಕೆ ನಿಂತಿತು.
"ನಿಜವಾಗಿ?
ಹಡಗಿನ ಗುಮಾಸ್ತ ಆಜಿಯ ಆಜಿಗೆ
ಒಂದು ನಂಬರು ಕೊಟ್ಟ, ಒಂದು ತಗಡಿನ ಬಿಲ್ಲೆ.
ಹೆಸರು ಕೇಳಿ, ಕೇಳಿಸಿದ್ದು ಬರೆದುಕೊಂಡ.
ನನ್ನನ್ನು ಬಿಸಿಲಿಂದ ಒಳಗೆ ಬಾ ಎಂದು ಕರೆದವರು
ಸುರಸತ್ತೀ ಎಂದೇ ಕರೆದರು.
ಒಳಗೆ ಹೋದವಳು ನಾನೇ."

ಆಮೇಲೆ ರೊಟ್ಟಿ ಹರಿದು ಚೋಕಾ ಮೆತ್ತಿ ಚಾಚಿದಳು.
"ತಿನ್ನು.
ವಾತಿಂಗಣ ಅಂದುಕೊಂಡೇ ತಿನ್ನು ಬೇಕಾದರೆ."

ಹೊಗೆಯ ವಾಸನೆ ಬೆರಳಿಗೆ ಉಳಿಯಿತು.
ಪುಟದ ಬಾಣಗಳ ಮೇಲೆ ಎಣ್ಣೆಯ ಕಲೆ,
ಲಿಸ್ಬನ್ನಿಗೂ ಬಸ್ರಾಕ್ಕೂ ನಡುವೆ ಎಲ್ಲೋ.
ಇಸ್ಮೇ ಕೈ ತೊಳೆದು ಬಂದು
ನಾಲ್ಕು ಕಾಯಿ ಒತ್ತಿ ನೋಡಿದಳು,
ಬೀಜ ಬಲಿತಿದೆ ಎಂದಳು,
ಎರಡು ತೆಗೆದುಕೊಂಡಳು.