ಹದಿಮೂರನೇ ನಂಬರಿನ ಕಿರೀಟ

ದಿನಕ್ಕೆ ಇನ್ನೂರೈವತ್ತು, ಕಿರೀಟಕ್ಕೆ ಮಾತ್ರ.
ಗದೆ ಬೇಕಿದ್ದರೆ ಬೇರೆ. ಅಡ್ವಾನ್ಸು ಸಾವಿರ.
ಬೆವರಿನ ಕಲೆಗೆ ಏನೂ ಕೇಳುವುದಿಲ್ಲ,
ಮುರಿದರೆ ಕೇಳುತ್ತೇವೆ.
ಮಂಡಿ ಮೊಹಲ್ಲಾದ ಈ ಅಂಗಡಿಯಲ್ಲಿ
ನಮ್ಮಪ್ಪ ಬರೆದು ತೂಗುಹಾಕಿದ ಹಲಗೆಯ ಮೇಲೆ
ಇಷ್ಟೇ ರಾಜನೀತಿ.

ರಾಣಿ ಸಿನಿಮಾದವರು ಬಂದದ್ದು ಧನುರ್ಮಾಸದ ಚಳಿಯಲ್ಲಿ.
ಅರಮನೆಯೊಳಕ್ಕೆ ಕ್ಯಾಮೆರಾ ಬಿಡಲಿಲ್ಲವಂತೆ,
ನಂಜನಗೂಡು ರಸ್ತೆಯ ಹಳೇ ಗೊಬ್ಬರದ ಗೋಡೌನಿನಲ್ಲಿ
ಥರ್ಮೋಕೋಲಿನ ಕಂಬ ನಿಲ್ಲಿಸಿಕೊಂಡಿದ್ದರು.
ಕಪಾಟೆಲ್ಲ ಜಾಲಾಡಿ ಹದಿಮೂರನೇ ನಂಬರು ಆರಿಸಿದರು.
ಅದರ ಎಡಗಡೆಯ ಮೂರನೇ ಕೆಂಪು
ಯಾವ ನಾಟಕದ ಯುದ್ಧದಲ್ಲೋ ಉದುರಿಹೋಗಿತ್ತು.
ನಮ್ಮ ಕೋಮಲಾ ತೊಟ್ಟಿದ್ದ ಮೆರೂನ್ ಸ್ವೆಟರಿನ
ಕೊನೇ ಗುಂಡಿ ಕಿತ್ತು
ಗೋಂದು ಹಚ್ಚಿ ಕೂರಿಸಿ
ನೆರಳಲ್ಲಿ ಒಣಗಲಿಕ್ಕಿಟ್ಟಳು.
ಮಾಣಿಕ್ಯ ಆಯಿತು.

ಕತೆಯಲ್ಲಿ ರಾಣಿ ಸೋತು, ಕಾಡು ಸೇರಿ,
ಮುದುಕಿಯೊಬ್ಬಳ ಗುಡಿಸಲಲ್ಲಿ ಕೋಡುಬಳೆ ತಿನ್ನುತ್ತಾಳೆ.
ಸೋತ ಮೇಲೂ ತಲೆ ಮೇಲೆ ಇದ್ಯಾಕೆ, ಕೇಳಿದೆ.
ಇಲ್ಲದಿದ್ರೆ ರಾಣಿ ಅಂತ ಹೆಂಗೆ ಗೊತ್ತಾಗ್ಬೇಕು
ಅಂದ ಅಸಿಸ್ಟೆಂಟು.

ಕೋಡುಬಳೆ ನಮ್ಮ ಬೀದಿಯ ದೇವೀರಮ್ಮನದು.
ಹತ್ತಕ್ಕೆ ಐದು, ಹಳೇ ಪೇಪರಿನಲ್ಲಿ ಸುತ್ತಿ.
ಹನ್ನೊಂದು ಟೇಕು. ಹನ್ನೊಂದು ಸಲವೂ ರಾಣಿ
ಕಟುಂ ಎಂದು ಕಚ್ಚಿದಳು, ಕಣ್ಣು ಮುಚ್ಚಿದಳು,
ಒಂದು ಹನಿ ನೀರು ಕೂಡ ಬಂತು ಕಣ್ಣಲ್ಲಿ,
ಕಟ್ ಎಂದದ್ದೇ ತಡ
ಪೇಪರ್ ಲೋಟಕ್ಕೆ ಉಗಿದಳು.
ಡಯೆಟ್ಟಂತೆ. ಪಾಪ, ಅದೂ ಒಂದು ವನವಾಸ.

ಸಿನಿಮಾ ಓಡಿತು.
ಯುದ್ಧಕ್ಕಲ್ಲ, ಆನೆಗಳಿಗಲ್ಲ,
ಆ ಒಂದು ಕಟುಂಗೆ.
ಟಾಕೀಸಿನಿಂದ ಹೊರಬಂದವರು ಎಂಜಲು ನುಂಗುತ್ತ
ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು.

ಮೂರೇ ವಾರಕ್ಕೆ ಹೆಬ್ಬಾಳಿನ ಫ್ಯಾಕ್ಟರಿಯಿಂದ ಹೊರಬಿತ್ತು
ಕಪ್ಪು ಪೊಟ್ಟಣ, ಚಿನ್ನದಕ್ಷರ: ರಾಜಕಂಕಣ.
ಕೋಡುಬಳೆ ಎಂಬ ಮಾತು ಹುಡುಕಿದರೂ ಇಲ್ಲ.
ಬಳೆಯೆಂದರೆ ಹತ್ತು, ಕಂಕಣವೆಂದರೆ ನೂರಿಪ್ಪತ್ತು,
ನಡುವಿನ ತೂತಿಗೂ ಸೇರಿಸಿ.
ಹಿಂದುಗಡೆ ಸಣ್ಣಗೆ:
ಅಂತಃಪುರದ ಗುಟ್ಟು, ಏಳು ತಲೆಮಾರಿನದು.
ಇನ್ನೂ ಸಣ್ಣಗೆ: ಪಾಮೋಲಿನ್.

ಅದನ್ನು ಬರೆದವನು ಪಡುವಾರಹಳ್ಳಿಯ ಹುಡುಗ, ವಿಭವ.
ಕಿರೀಟದ ಫೋಟೋ ಬೇಕೆಂದು ಬಂದು
ಒಂದು ದಿನದ ಬಾಡಿಗೆ ಎಣಿಸಿ ಕೊಟ್ಟಿದ್ದ.
ಏಳು ತಲೆಮಾರು ಎಲ್ಲಿಂದ ತಂದೆಯಪ್ಪಾ ಅಂದರೆ
ಅಂಕಲ್, ನಮ್ಮೂರಲ್ಲಿ ಪೆಟ್ರೋಲ್ ಬಂಕಿಗೂ ರಾಜರ ಹೆಸರು,
ಪಂಕ್ಚರ್ ಅಂಗಡಿಗೂ ರಾಜರ ಹೆಸರು,
ಕೋಡುಬಳೆ ಏನು ಪಾಪ ಮಾಡಿತ್ತು?
ನನಗೂ ನಗು ಬಂತು.
ಅವನು ಬಿಟ್ಟುಹೋದ ಪೊಟ್ಟಣ ದೇವೀರಮ್ಮನಿಗೆ ಕೊಟ್ಟೆ.

ಮುರಿದು ಮೂಸಿದಳು. ಓಂಕಾಳಿಲ್ಲ ಅಂದಳು.
ತೆಂಗಿನಕಾಯಿ ಬರೀ ಚಿತ್ರದಾಗೈತೆ.
ಆಮೇಲೆ ಸೌಟು ಕೆಳಗಿಟ್ಟು, ದನಿ ತಗ್ಗಿಸಿ:
ನೀವು ಅಲ್ಲೇ ಇದ್ರಲ್ಲ, ನಿಜ ಹೇಳಿ ಸ್ವಾಮಿ,
ಆಯಮ್ಮ ತಿಂದ್ಲಾ?

ಲೋಟ ಕಣ್ಣ ಮುಂದೆ ಬಂತು.
ತಿಂದಳು, ಅಂದೆ. ಎರಡು.

ಮರುದಿನ ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ,
ರಾಣಿ ತಿಂದಿದ್ದು ಇದೇ. ಇಪ್ಪತ್ತಕ್ಕೆ ಐದು.
ಕ್ಯೂ ಟೈರಿನಂಗಡಿಯವರೆಗೆ.
ನಾನೂ ನಿಂತೆ. ಇಪ್ಪತ್ತೇ ಕೊಟ್ಟೆ.

ರಾತ್ರಿ ಕೋಮಲಾ ಖಾಲಿ ಪೊಟ್ಟಣ ದೀಪಕ್ಕೆ ಹಿಡಿದು
ನೋಡಿ ಇಲ್ಲಿ, ಎಂದಳು.
ಕಿರೀಟದ ಎಡಗಡೆ ಮೂರನೆಯ ಮಾಣಿಕ್ಯದಲ್ಲಿ
ಸೂಜಿಮೊನೆಯಷ್ಟು ನಾಲ್ಕು ತೂತು.
ಇಡೀ ರಾಜ್ಯದ ಅಂಗಡಿಗಳಲ್ಲಿ
ನನ್ನ ಸ್ವೆಟರು, ಎಂದಳು.
ಸ್ವೆಟರಿಗೆ ಸೇಫ್ಟಿ ಪಿನ್ನು ಹಾಕಿಕೊಂಡಿದ್ದಳು.

ಇವತ್ತು ಹುಣಸೂರಿಂದ ಒಬ್ಬರು ಟೀಚರು,
ಸ್ಕೂಲ್ ಡೇಗೆ ಕಿರೀಟ ಬೇಕಂತೆ, ಮೂರನೇ ಕ್ಲಾಸಿನ ಹುಡುಗಿಗೆ.
ಇನ್ನೂರೈವತ್ತು ಎನ್ನಲು ಹೋದ ಬಾಯಿ
ಐನೂರು ಎಂದಿತು.
ರಾಣಿ ಹಾಕ್ಕೊಂಡಿದ್ದು ಮೇಡಂ, ಇದೇನೇ.
ಹಲಗೆ ಒಮ್ಮೆ ನೋಡಿದರು, ಕಿರೀಟ ಒಮ್ಮೆ ನೋಡಿದರು,
ಮಾತಾಡದೆ ಪರ್ಸು ತೆಗೆದರು.

ಗುಂಡಿ ಅಲ್ಲಾಡುತ್ತಿತ್ತು.
ಹೆಬ್ಬೆರಳಲ್ಲಿ ಒತ್ತಿ ಹಿಡಿದೇ
ಕೈಗೆ ಕೊಟ್ಟೆ.